ಕೆಲಸ ನಿಂತದ್ದು ಯಾಕೆ? ಸೈಟ್ ಗೋಡೆಯ ಚಾರ್ಟಿಗೆ ಹೆಸರು ಕೊಟ್ಟ ಹೆನ್ರಿ ಗ್ಯಾಂಟ್

ದುಬೈ ಇರಲಿ, ದೋಹಾ ಇರಲಿ, ದಮ್ಮಾಮ್, ಮಸ್ಕತ್, ಕುವೈತ್ ಇರಲಿ, ದೊಡ್ಡ ಕನ್‌ಸ್ಟ್ರಕ್ಷನ್ ಸೈಟಿನ ಆಫೀಸ್ ಕ್ಯಾಬಿನ್ನಿಗೆ ಕಾಲಿಟ್ಟರೆ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಕಾಣಿಸುತ್ತದೆ. ಎಡಗಡೆ ಕೆಲಸಗಳ ಪಟ್ಟಿ: ಪೈಲಿಂಗ್, ಶಟರಿಂಗ್, ಸ್ಟೀಲ್, ಕಾಂಕ್ರೀಟ್, ಪ್ಲಾಸ್ಟರಿಂಗ್. ಮೇಲ್ಗಡೆ ತಾರೀಕುಗಳು. ನಡುವೆ ಬಣ್ಣಬಣ್ಣದ ಅಡ್ಡ ಪಟ್ಟಿಗಳು. ಇಂಥ ಕೆಲಸ ಇಂಥ ದಿನ ಶುರು, ಇಂಥ ದಿನ ಮುಗಿತು ಅಂತ ಓದು ಬರಹ ಕಡಿಮೆ ಇದ್ದವರಿಗೂ ಅರ್ಥ ಆಗುವ ಚಿತ್ರ ಅದು. ಕೆಲವರು ಅದನ್ನು ಬಾರ್ ಚಾರ್ಟ್ ಅಂತಾರೆ, ಹೆಚ್ಚಿನವರು ಗ್ಯಾಂಟ್ ಚಾರ್ಟ್ ಅಂತಾರೆ.

ಗ್ಯಾಂಟ್ ಅಂದರೆ ಯಾವುದೋ ಸಾಫ್ಟ್‌ವೇರ್ ಕಂಪನಿಯ ಹೆಸರು ಅಂದುಕೊಂಡವರು ತುಂಬ ಜನ ಇದ್ದಾರೆ. ಅದು ಒಬ್ಬ ಮನುಷ್ಯನ ಹೆಸರು. ಹೆನ್ರಿ ಲಾರೆನ್ಸ್ ಗ್ಯಾಂಟ್ ತೀರಿಕೊಂಡು 100 ವರ್ಷ ದಾಟಿತು. ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವ ಹುದ್ದೆ ಇನ್ನೂ ಹುಟ್ಟದ ಕಾಲದಲ್ಲಿ ಆ ಹುದ್ದೆಯ ಮೂಲ ಪ್ರಶ್ನೆಯನ್ನು ಕೇಳಿದವರಲ್ಲಿ ಇವರೂ ಒಬ್ಬರು. ಆ ಪ್ರಶ್ನೆ ಬಹಳ ಸರಳ: ಕೆಲಸ ನಿಂತಿದೆಯಲ್ಲ, ಯಾಕೆ ನಿಂತಿದೆ? ಅದರ ಖರ್ಚನ್ನು ಯಾರ ತಲೆಗೆ ಕಟ್ಟಬೇಕು?

ನಾನು ಇಂಜಿನಿಯರ್ ಅಲ್ಲ, ಕಾಮರ್ಸ್ ಓದಿ ಲೆಕ್ಕ ಬರೆಯುವವನು. ಗ್ಯಾಂಟ್ ಬಗ್ಗೆ ಇಂಜಿನಿಯರುಗಳು ಚಾರ್ಟಿನ ಕಥೆ ಮಾತ್ರ ಹೇಳುತ್ತಾರೆ. ಆದರೆ ಅವರ ಬದುಕಿನ ಅರ್ಧ ಭಾಗ ಲೆಕ್ಕದ ಜಗಳದಲ್ಲೇ ಕಳೆದದ್ದು. ಆ ಭಾಗ ನಮ್ಮಂಥ ದುಡಿಯುವವರಿಗೆ ಹೆಚ್ಚು ಹತ್ತಿರದ್ದು ಅಂತ ನನಗೆ ಅನಿಸುತ್ತದೆ.

ಹೊಗೆಸೊಪ್ಪಿನ ಸೀಮೆಯ ಹುಡುಗ

ಗ್ಯಾಂಟ್ ಹುಟ್ಟಿದ್ದು 1861ರ ಮೇ 20ರಂದು, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ಯಾಲ್ವರ್ಟ್ ಕೌಂಟಿಯಲ್ಲಿ. ಹೊಗೆಸೊಪ್ಪು ಬೆಳೆಯುವ ಸೀಮೆ ಅದು. ಅವರದು ದೊಡ್ಡ ಜಮೀನಿನ ಕುಟುಂಬ. ಆ ಕಾಲದ ಅಂಥ ಕುಟುಂಬಗಳ ಹಾಗೆಯೇ ಇವರ ಮನೆಯ ಸಂಪತ್ತೂ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. ಮಗು ಹುಟ್ಟಿದ ವರ್ಷವೇ ಅಮೆರಿಕದ ಅಂತರ್ಯುದ್ಧ ಶುರುವಾಯಿತು. 1864ರಲ್ಲಿ ಮೇರಿಲ್ಯಾಂಡ್ ರಾಜ್ಯ ಗುಲಾಮಗಿರಿಯನ್ನು ರದ್ದು ಮಾಡಿತು. ಯುದ್ಧ ಮುಗಿಯುವಾಗ ಮನೆಯ ಸ್ಥಿತಿ ತಲೆಕೆಳಗಾಗಿತ್ತು. ಬೇರೆಯವರ ದುಡಿಮೆಯಲ್ಲಿ ಬದುಕಿದ್ದ ಮನೆಯಲ್ಲಿ ಈಗ ಮಕ್ಕಳು ತಾವೇ ದುಡಿದು ಕಲಿಯಬೇಕಾಯಿತು.

ಬಾಲ್ಟಿಮೋರ್ ಹತ್ತಿರ 1873ರಲ್ಲಿ ಮೆಕ್‌ಡೊನೊ ಶಾಲೆ ಶುರುವಾಯಿತು. ಒಬ್ಬ ವ್ಯಾಪಾರಿ ಬಿಟ್ಟುಹೋದ ದುಡ್ಡಿನಲ್ಲಿ ಬಡ ಹುಡುಗರಿಗಾಗಿ ಕಟ್ಟಿದ ಶಾಲೆ. ಅಲ್ಲಿ ಓದಿನ ಜೊತೆಗೆ ಹೊಲದ ಕೆಲಸವೂ ಇತ್ತು, ಮಿಲಿಟರಿ ಶಿಸ್ತೂ ಇತ್ತು. ಆರಂಭದ ವಿದ್ಯಾರ್ಥಿಗಳಲ್ಲಿ ಗ್ಯಾಂಟ್ ಒಬ್ಬರು. ಮುಂದೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1880ರಲ್ಲಿ ಪದವಿ ಮುಗಿಸಿ, ಅದೇ ಹಳೇ ಶಾಲೆಗೆ ಮೇಷ್ಟರಾಗಿ ವಾಪಸ್ ಬಂದರು. ಆಮೇಲೆ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಸೇರಿ 1884ರಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆದರು. ಸ್ವಲ್ಪ ಕಾಲ ಬಾಲ್ಟಿಮೋರಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ, ಮತ್ತೆ ಸ್ವಲ್ಪ ಕಾಲ ಮೇಷ್ಟರ ಕೆಲಸ.

ಈ ಮೇಷ್ಟರ ಕೆಲಸವನ್ನು ನೆನಪಿಡಿ. ಗ್ಯಾಂಟ್ ಜೀವನಪೂರ್ತಿ ಕಾರ್ಖಾನೆಗಳಲ್ಲಿ ಓಡಾಡಿದರೂ, ಕಾರ್ಮಿಕನಿಗೆ ಕೆಲಸ ಬರದಿದ್ದರೆ ಕಲಿಸಬೇಕು ಅನ್ನುವ ಬುದ್ಧಿ ಅವರಿಗೆ ಬಂದದ್ದು ಈ ಶಾಲೆಯಿಂದ ಇರಬೇಕು.

ಟೇಲರ್ ಎಂಬ ಸಾಹೇಬರ ಜೊತೆ

1887ರಲ್ಲಿ ಗ್ಯಾಂಟ್ ಫಿಲಡೆಲ್ಫಿಯಾದ ಮಿಡ್‌ವೇಲ್ ಸ್ಟೀಲ್ ಕಂಪನಿ ಸೇರಿದರು. ಅಲ್ಲಿ ಚೀಫ್ ಇಂಜಿನಿಯರ್ ಆಗಿದ್ದವರು ಫ್ರೆಡರಿಕ್ ಟೇಲರ್. ಬಿ.ಕಾಂ. ಓದಿದವರಿಗೆಲ್ಲ ಈ ಹೆಸರು ಗೊತ್ತು. ಮ್ಯಾನೇಜ್‌ಮೆಂಟ್ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬರುತ್ತಾರೆ. ಸ್ಟಾಪ್‌ವಾಚ್ ಹಿಡಿದು, ಒಂದೊಂದು ಕೆಲಸಕ್ಕೆ ಎಷ್ಟು ನಿಮಿಷ ಬೇಕು ಅಂತ ಅಳೆದು, ಅದರ ಮೇಲೆ ಕೂಲಿ ನಿಗದಿ ಮಾಡಿದವರು. ಗ್ಯಾಂಟ್ ಅವರ ಸಹಾಯಕರಾದರು, ಆಮೇಲೆ ಎರಕದ ವಿಭಾಗದ ಸೂಪರಿಂಟೆಂಡೆಂಟ್ ಆದರು. 1893ರವರೆಗೆ ಅಲ್ಲಿದ್ದರು.

1899ರಲ್ಲಿ ಇಬ್ಬರೂ ಬೆಥ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ ಮತ್ತೆ ಸೇರಿದರು. ಗುರು ಶಿಷ್ಯರ ದಾರಿ ಬೇರೆಯಾಗಲು ಶುರುವಾದದ್ದು ಇಲ್ಲಿ.

ಟೇಲರ್ ಪದ್ಧತಿಯಲ್ಲಿ ಪೀಸ್ ಲೆಕ್ಕದ ಕೂಲಿಗೆ ಎರಡು ದರ ಇತ್ತು. ಗುರಿ ಮುಟ್ಟಿದವನಿಗೆ ಪ್ರತಿ ಪೀಸಿಗೆ ಜಾಸ್ತಿ ದರ, ಮುಟ್ಟದವನಿಗೆ ಕಡಿಮೆ ದರ. ಅಂದರೆ ಹಿಂದೆ ಬಿದ್ದವನಿಗೆ ಎರಡು ಪೆಟ್ಟು: ಪೀಸೂ ಕಡಿಮೆ, ದರವೂ ಕಡಿಮೆ. ಮೆಷಿನ್ ಹಾಳಾಗಿ ನಿಂತಿದ್ದರೂ, ಮೆಟೀರಿಯಲ್ ಬಾರದೆ ಕೂತಿದ್ದರೂ ಹೊಡೆತ ಬೀಳೋದು ಕಾರ್ಮಿಕನಿಗೇ.

ಗ್ಯಾಂಟ್ 1901ರಲ್ಲಿ ಬೇರೆ ಪದ್ಧತಿ ತಂದರು. ದಿನಗೂಲಿ ಎಲ್ಲರಿಗೂ ಖಾಯಂ. ಆ ದಿನಕ್ಕೆ ಕೊಟ್ಟ ಕೆಲಸ ಮುಗಿಸಿದವನಿಗೆ ಅದರ ಮೇಲೆ ಬೋನಸ್. ಶುರುವಿನಲ್ಲಿ ದಿನಕ್ಕೆ 50 ಸೆಂಟ್. ಮುಗಿಸದಿದ್ದರೆ ಬೋನಸ್ ಇಲ್ಲ, ಆದರೆ ಕೂಲಿಗೆ ಕತ್ತರಿ ಇಲ್ಲ. ಕೆಲಸವನ್ನು ಹೇಗೆ ಮಾಡಬೇಕು, ಯಾವ ಉಪಕರಣ ಬೇಕು ಅನ್ನೋದನ್ನು ಕಾರ್ಡಿನಲ್ಲಿ ಬರೆದು ಕೊಡುವ ಜವಾಬ್ದಾರಿ ಕಂಪನಿಯದ್ದು.

ಇನ್ನೊಂದು ಜಾಣತನವೂ ಅದರಲ್ಲಿ ಸೇರಿತು. ತನ್ನ ಕೈಕೆಳಗಿನ ಎಷ್ಟು ಜನ ಬೋನಸ್ ಗಳಿಸಿದರೋ ಅಷ್ಟಕ್ಕೆ ಮೇಸ್ತ್ರಿಗೂ ಬೋನಸ್. ಎಲ್ಲರೂ ಗಳಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ನಮ್ಮ ಕಡೆಯ ಎಷ್ಟು ಫೋರ್‌ಮನ್‌ಗಳು ಬೈಯುವುದೇ ಕೆಲಸ ಅಂದುಕೊಂಡಿದ್ದಾರೆ! ಗ್ಯಾಂಟ್ ಪದ್ಧತಿಯಲ್ಲಿ ಬೈದರೆ ಮೇಸ್ತ್ರಿಗೆ ಏನೂ ಸಿಗುವುದಿಲ್ಲ. ಹೊಸ ಹುಡುಗನಿಗೆ ಕಲಿಸಿದರೆ, ಮೆಟೀರಿಯಲ್ ಸಮಯಕ್ಕೆ ತರಿಸಿದರೆ ಮಾತ್ರ ಅವನ ಜೇಬಿಗೂ ದುಡ್ಡು.

ಎಲ್ಲ ಚೆನ್ನಾಗಿಯೇ ಇತ್ತು ಅಂತ ಹೇಳಿದರೆ ತಪ್ಪಾಗುತ್ತದೆ. ದಿನದ ಕೆಲಸದ ಅಳತೆ ನಿಗದಿ ಮಾಡುವವರು ಮೇಲಿನವರೇ, ಕೆಳಗಿನವರ ಮಾತಿಗೆ ಅಲ್ಲಿ ಜಾಗ ಕಡಿಮೆ. ಅಮೆರಿಕದ ಕಾರ್ಮಿಕ ಸಂಘಗಳು ಟೇಲರ್ ಬಳಗದ ಪದ್ಧತಿಗಳನ್ನೆಲ್ಲ ಜೋರಾಗಿ ವಿರೋಧಿಸಿದವು. ತೋಟದ ಮಾಲೀಕರ ಮಗ ದಿನಕ್ಕಿಷ್ಟು ಕೆಲಸ ಅಂತ ಅಳತೆ ಕೊಡುವ ಪದ್ಧತಿ ತಂದದ್ದರಲ್ಲಿ ಗುಲಾಮಗಿರಿ ಕಾಲದ ತೋಟದ ಲೆಕ್ಕದ ನೆರಳಿದೆ ಅಂತ ಈಚಿನ ಚರಿತ್ರೆಕಾರರೂ ತೋರಿಸಿದ್ದಾರೆ. ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಬದುಕಿನ ಮುಂದಿನ ವರ್ಷಗಳಲ್ಲಿ ಗ್ಯಾಂಟ್ ಅವರ ಬೆರಳು ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ತಿರುಗಿತು.

ದಿನದಿನದ ಲೆಕ್ಕ

1901ರಲ್ಲಿ ಬೆಥ್ಲೆಹೆಮ್ ಕಂಪನಿಯಿಂದ ಟೇಲರ್ ಅವರನ್ನು ಹೊರಗೆ ಹಾಕಿದರು. ಗ್ಯಾಂಟ್ ಕೂಡ ಬಿಟ್ಟು ಬಂದು ಸ್ವಂತವಾಗಿ ಸಲಹೆಗಾರರಾದರು. ರೈಲ್ವೆ ಇಂಜಿನ್ ಕಾರ್ಖಾನೆ, ಬಟ್ಟೆ ಬಿಳಿ ಮಾಡುವ ಕಾರ್ಖಾನೆ, ನೇಯ್ಗೆ ಮಿಲ್ಲು, ಹೀಗೆ ಎಷ್ಟೋ ಕಡೆ ಕೆಲಸ ಮಾಡಿದರು.

1903ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ ಒಂದು ಲೇಖನ ಇಟ್ಟರು. ಕಾರ್ಖಾನೆಯ ದಿನದಿನದ ಬಾಕಿಯನ್ನು ಚಿತ್ರರೂಪದಲ್ಲಿ ತೋರಿಸುವುದು ಹೇಗೆ ಅನ್ನುವುದು ಅದರ ವಿಷಯ. ಶೀರ್ಷಿಕೆಯಲ್ಲಿ ಅವರು ಬಳಸಿದ್ದು ಬ್ಯಾಲೆನ್ಸ್ ಅನ್ನುವ ಪದ. ಅದು ನಮ್ಮ ಲೆಡ್ಜರಿನ ಪದ. ಅಕೌಂಟ್ಸ್ ವಿಭಾಗದ ಲೆಕ್ಕ ಬರೋದು ತಿಂಗಳು ಮುಗಿದ ಮೇಲೆ. ಅಷ್ಟರಲ್ಲಿ ಆಗಬೇಕಾದ ನಷ್ಟ ಆಗಿಯೇ ಹೋಗಿರುತ್ತದೆ. ಸೈಟಿನವನಿಗೆ ಬೇಕಾದ್ದು ನಿನ್ನೆ ಏನು ಆಯಿತು, ಏನು ಬಾಕಿ ಅನ್ನುವ ಲೆಕ್ಕ, ಅದೂ ಇವತ್ತು ಬೆಳಿಗ್ಗೆಯೇ. ಈ ಲೇಖನದಲ್ಲಿದ್ದದ್ದು ಇನ್ನೂ ಕೋಷ್ಟಕದ ರೂಪ. ಅಡ್ಡ ಪಟ್ಟಿಯ ಚಾರ್ಟು ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕಾಯಿತು.

1910ರಲ್ಲಿ ಕೆಲಸ, ಕೂಲಿ ಮತ್ತು ಲಾಭದ ಬಗ್ಗೆ ಅವರ ಮೊದಲ ಪುಸ್ತಕ ಹೊರಬಂತು.

ಖಾಲಿ ಮೆಷಿನ್ನಿನ ಬಾಡಿಗೆ ಯಾರದು?

1915ರಲ್ಲಿ ಗ್ಯಾಂಟ್ ಬರೆದ ಇನ್ನೊಂದು ಲೇಖನ ಉತ್ಪಾದನೆ ಮತ್ತು ಖರ್ಚಿನ ಸಂಬಂಧದ ಬಗ್ಗೆ. ನನ್ನ ಮಟ್ಟಿಗೆ ಇದು ಚಾರ್ಟಿಗಿಂತ ದೊಡ್ಡ ಕೊಡುಗೆ. ಅದರ ತಿರುಳನ್ನು ಒಂದು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ; ಅಂಕಿಗಳು ಬರೀ ಉದಾಹರಣೆಗೆ.

ಒಂದು ಕಾರ್ಖಾನೆಯ ಬಾಡಿಗೆ, ಬಡ್ಡಿ, ಮೇಲುಸ್ತುವಾರಿ ಎಲ್ಲ ಸೇರಿ ತಿಂಗಳಿಗೆ 10,000 ರೂಪಾಯಿ ಅಂತಿಟ್ಟುಕೊಳ್ಳಿ. ಪೂರ್ತಿ ನಡೆದರೆ 1,000 ಪೀಸ್ ಆಗುತ್ತದೆ, ಪ್ರತಿ ಪೀಸಿನ ಮೇಲೆ 10 ರೂಪಾಯಿ ಬೀಳುತ್ತದೆ. ಆರ್ಡರ್ ಇಲ್ಲದೆ ಅರ್ಧ ಮೆಷಿನ್ ನಿಂತಿತು, 500 ಪೀಸ್ ಮಾತ್ರ ಆಯಿತು. ಆಗಿನ ಕಾಸ್ಟ್ ಅಕೌಂಟೆಂಟ್ 10,000ವನ್ನು 500ರಿಂದ ಭಾಗಿಸಿ, ಪ್ರತಿ ಪೀಸಿಗೆ 20 ರೂಪಾಯಿ ಬಿತ್ತು ಅಂತ ಬರೆಯುತ್ತಿದ್ದ. ಲೆಕ್ಕ ನೋಡಿದ ಮಾಲೀಕನಿಗೆ ಪೀಸ್ ದುಬಾರಿ ಆದ ಹಾಗೆ ಕಾಣುತ್ತದೆ. ಅವನ ಕಣ್ಣು ತಕ್ಷಣ ಬೀಳೋದು ಕೂಲಿಯ ಮೇಲೆ, ಓವರ್‌ಟೈಮ್ ಮೇಲೆ.

ಗ್ಯಾಂಟ್ ಹೇಳಿದ್ದು ಇಷ್ಟು: ಆ 500 ಪೀಸ್ ಮಾಡಲು ತಗುಲಿದ್ದು 5,000 ಮಾತ್ರ. ಉಳಿದ 5,000 ಪೀಸಿನ ಖರ್ಚಲ್ಲ, ನಿಂತ ಮೆಷಿನ್ನಿನ ನಷ್ಟ. ಅದನ್ನು ಬೇರೆ ಸಾಲಿನಲ್ಲಿ ಬರೆದು ಲಾಭ ನಷ್ಟದ ಖಾತೆಗೆ ಹಾಕಿ. ಆಮೇಲೆ ಆ ಮೆಷಿನ್ ನಿಂತದ್ದಕ್ಕೆ ಜವಾಬ್ದಾರಿ ಯಾರು ಅಂತ ಕೇಳಿ. ಆರ್ಡರ್ ತಾರದ ಸೇಲ್ಸ್ ವಿಭಾಗವೇ, ಸಮಯಕ್ಕೆ ಕಚ್ಚಾಮಾಲು ತರಿಸದ ಖರೀದಿ ವಿಭಾಗವೇ, ಅಗತ್ಯ ಇಲ್ಲದಿದ್ದರೂ ಮೆಷಿನ್ ಕೊಂಡ ಮಾಲೀಕನೇ?

ಕೆಲಸ ಮಾಡಿದವನ ಲೆಕ್ಕ ಬೇರೆ, ಮಾಡಿಸಲು ಆಗದವರ ಲೆಕ್ಕ ಬೇರೆ. ಇವತ್ತು ಇಂಟರ್‌ನ್ಯಾಷನಲ್ ಅಕೌಂಟಿಂಗ್ ನಿಯಮಗಳಲ್ಲಿ ಸ್ಟಾಕಿನ ಬೆಲೆ ಕಟ್ಟುವಾಗಲೂ ಹೀಗೆಯೇ: ಉತ್ಪಾದನೆ ಕಡಿಮೆ ಆಯಿತು ಅಂತ ಖಾಲಿ ಕೂತ ಸಾಮರ್ಥ್ಯದ ಓವರ್‌ಹೆಡ್ಡನ್ನು ಮಾಲಿನ ಮೇಲೆ ಹೇರುವ ಹಾಗಿಲ್ಲ, ಆ ಅವಧಿಯ ಖರ್ಚಾಗಿ ಬರೆಯಬೇಕು. ಗ್ಯಾಂಟ್ ಈ ಮಾತು ಆಡಿದ್ದು 1915ರಲ್ಲಿ!

ಯುದ್ಧ ಬಂತು, ತಾರೀಕು ಮುಖ್ಯವಾಯಿತು

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ಸೈನ್ಯದ ಶಸ್ತ್ರಾಸ್ತ್ರ ವಿಭಾಗಕ್ಕೆ ಗ್ಯಾಂಟ್ ಸಹಾಯ ಬೇಕಾಯಿತು. ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಶಸ್ತ್ರಾಗಾರದಲ್ಲಿ ಅವರು ಕೆಲಸಕ್ಕೆ ಇಳಿದರು. ಮುಂದೆ, ಹಡಗು ಕಟ್ಟಿಸಲೆಂದೇ ಸರಕಾರ ಸ್ಥಾಪಿಸಿದ್ದ ನಿಗಮಕ್ಕೂ ನೆರವಾದರು.

ಅಲ್ಲಿ ಅವರು ಕಂಡ ದೊಡ್ಡ ತೊಂದರೆ ಏನೆಂದರೆ, ವರದಿಗಳೆಲ್ಲ ಎಷ್ಟು ಅನ್ನುವ ಭಾಷೆಯಲ್ಲೇ ಇದ್ದವು, ಯಾವಾಗ ಅನ್ನುವ ಭಾಷೆಯಲ್ಲಿ ಇರಲಿಲ್ಲ. ಮತ್ತೆ ಒಂದು ಉದಾಹರಣೆ: 10 ವಾರದಲ್ಲಿ 1,000 ಪೀಸ್ ಆಗಬೇಕು, 5 ವಾರ ಕಳೆದಿದೆ, 400 ಆಗಿದೆ. ವರದಿಯಲ್ಲಿ 400 ಅಂತ ಬರೆದಿದ್ದರೆ ದೊಡ್ಡ ಅಂಕಿಯೇ, ಓದಿದವರಿಗೆ ಸಮಾಧಾನವೂ ಆಗಬಹುದು. ಗ್ಯಾಂಟ್ ಅದನ್ನೇ ತಾರೀಕಿನ ಗೆರೆಯ ಮೇಲೆ ಎಳೆದರು. ಇವತ್ತಿನ ದಿನದ ಮೇಲೆ ಒಂದು ಗುರುತು. ಮುಗಿದ ಕೆಲಸದ ದಪ್ಪ ಗೆರೆ ಆ ಗುರುತಿಗೆ ಒಂದು ವಾರ ಹಿಂದೆಯೇ ನಿಂತಿದೆ. ಇನ್ನು ವಿವರಣೆ ಬೇಡ. ಯಾರು ನೋಡಿದರೂ ಒಂದು ವಾರ ಲೇಟು ಅಂತ ಗೊತ್ತಾಗುತ್ತದೆ.

ಇದೇ ನಾವು ಇವತ್ತು ಗೋಡೆಯ ಮೇಲೆ ನೋಡುವ ಚಾರ್ಟಿನ ಹುಟ್ಟು. ಇಂಥದ್ದನ್ನು ಯೋಚಿಸಿದವರು ಇವರೊಬ್ಬರೇ ಅಲ್ಲ. ಪೋಲೆಂಡಿನ ಕರೋಲ್ ಆದಮೆಯೆಟ್ಸ್ಕಿ ಅನ್ನುವ ಇಂಜಿನಿಯರ್ 1896ರಲ್ಲೇ ಇದಕ್ಕೆ ಹತ್ತಿರದ ಚಾರ್ಟ್ ಮಾಡಿದ್ದರು. ಆದರೆ ಅವರ ಕೆಲಸ ಇಂಗ್ಲಿಷ್ ಓದುವ ಜಗತ್ತಿಗೆ ತಲುಪಲು ತುಂಬ ತಡವಾಯಿತು, ಹೆಸರು ಗ್ಯಾಂಟ್ ಅವರದ್ದೇ ಉಳಿಯಿತು.

ನಮ್ಮ ಸೈಟಿನ ಚಾರ್ಟಿನಲ್ಲಿ ಇಲ್ಲದ ಒಂದು ಸಂಗತಿ ಗ್ಯಾಂಟ್ ಬಳಗದ ಚಾರ್ಟುಗಳಲ್ಲಿ ಇತ್ತು. ಕೆಲಸ ನಿಂತ ಜಾಗದಲ್ಲಿ ಒಂದು ಅಕ್ಷರ ಬರೆಯುತ್ತಿದ್ದರು. ಅವರ ಸಹೋದ್ಯೋಗಿ ವಾಲೇಸ್ ಕ್ಲಾರ್ಕ್ 1922ರಲ್ಲಿ ತಂದ ಪುಸ್ತಕದಲ್ಲಿ ಆ ಅಕ್ಷರಗಳ ವಿವರ ಇದೆ. ಮೆಷಿನ್ ನಿಂತದ್ದಕ್ಕೆ ಮೆಟೀರಿಯಲ್ ಇಲ್ಲದ್ದು ಕಾರಣವಾದರೆ ಎಂ, ಉಪಕರಣ ಇಲ್ಲದಿದ್ದರೆ ಟಿ, ರಿಪೇರಿಯಾದರೆ ಆರ್, ಕರೆಂಟ್ ಇಲ್ಲದಿದ್ದರೆ ಪಿ, ಆಳು ಸಾಲದಿದ್ದರೆ ಎಚ್, ಆರ್ಡರ್ ಇಲ್ಲದಿದ್ದರೆ ಓ. ಕೆಲಸಗಾರರ ಚಾರ್ಟೂ ಬೇರೆ ಇತ್ತು. ಕೆಲಸಗಾರ ರಜೆ ಹಾಕಿದರೆ, ನಿಧಾನವಾದರೆ ಅದಕ್ಕೂ ಅಕ್ಷರ ಇತ್ತು. ಆದರೆ ಹತ್ತು ಕಾರಣಗಳ ಪಟ್ಟಿಯಲ್ಲಿ ಅವು ಒಂದೆರಡು ಮಾತ್ರ. ಮಿಕ್ಕವುಗಳಲ್ಲಿ ಹೆಚ್ಚಿನ ಅಕ್ಷರಗಳು ಮ್ಯಾನೇಜ್‌ಮೆಂಟಿನ ಕಡೆಗೇ ಬೆರಳು ತೋರಿಸುತ್ತಿದ್ದವು.

ಆ ಕಾಲದಲ್ಲಿ ಕೆಲಸ ಹಿಂದೆ ಬಿದ್ದರೆ ಕಾರ್ಮಿಕರು ಸೋಮಾರಿಗಳು ಅನ್ನುವ ಮಾತು ಮಾಲೀಕರ ಬಾಯಲ್ಲಿ ಸದಾ ಇತ್ತು. ಗ್ಯಾಂಟ್ ಅದಕ್ಕೆ ಭಾಷಣದಲ್ಲಿ ಉತ್ತರ ಕೊಡಲಿಲ್ಲ. ಚಾರ್ಟ್ ಬಿಡಿಸಿ ಮುಂದಿಟ್ಟರು. ಮೇಲಿನವರು ಸಾಮಾನು, ಉಪಕರಣ, ಸರಿಯಾದ ಸೂಚನೆ ಕೊಡದೆ ಇದ್ದದ್ದೇ ದೊಡ್ಡ ಕಾರಣ ಅಂತ ಅವರಿಗೆ ಗಟ್ಟಿಯಾಗಿ ಅನಿಸಿತ್ತು.

ಕೊನೆಯ ವರ್ಷಗಳು

ಈ ನಂಬಿಕೆ ಅವರನ್ನು ಕಾರ್ಖಾನೆಯ ಗೋಡೆಯ ಆಚೆಗೂ ಕರೆದೊಯ್ದಿತು. 1916ರಲ್ಲಿ ಸಮಾನಮನಸ್ಕರ ಒಂದು ಗುಂಪು ಕಟ್ಟಿ, ಉದ್ಯಮಗಳನ್ನು ದುಡ್ಡು ಇದ್ದವರಿಗಿಂತ ಕೆಲಸ ಗೊತ್ತಿದ್ದವರು ನಡೆಸಬೇಕು ಅಂತ ವಾದಿಸಿದರು. ಆ ಗುಂಪು ಹೆಚ್ಚು ದಿನ ಬಾಳಲಿಲ್ಲ. 1919ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ, ವ್ಯಾಪಾರ ಇರುವುದು ಸಮಾಜದ ಸೇವೆಗೆ, ಲಾಭ ಅದರ ಹಿಂದೆ ಬರಬೇಕು ಅನ್ನುವ ಮಾತನ್ನು ಇನ್ನೂ ನೇರವಾಗಿ ಮುಂದಿಟ್ಟರು. ಎಷ್ಟೋ ಉದ್ಯಮಿಗಳಿಗೆ ಇದು ರುಚಿಸುವ ಮಾತಾಗಿರಲಿಲ್ಲ.

ಅದೇ ವರ್ಷ ನವೆಂಬರ್ 23ರಂದು ಅವರು ತೀರಿಕೊಂಡರು. ವಯಸ್ಸು 58.

ಅವರ ಚಾರ್ಟ್ ಮಾತ್ರ ದೇಶ ದೇಶ ಸುತ್ತಿತು. ವಾಲೇಸ್ ಕ್ಲಾರ್ಕ್ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಬಂಡವಾಳಶಾಹಿ ಅಮೆರಿಕದ ಈ ಚಾರ್ಟನ್ನು ಕಮ್ಯುನಿಸ್ಟ್ ರಷ್ಯಾ ಕೂಡ ತನ್ನ ಯೋಜನೆಗಳಿಗೆ ಬಳಸಿಕೊಂಡಿತು. 1929ರಲ್ಲಿ ಗ್ಯಾಂಟ್ ಹೆಸರಿನಲ್ಲಿ ಒಂದು ಪದಕ ಸ್ಥಾಪನೆಯಾಯಿತು.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅನ್ನುವ ವೃತ್ತಿ ರೂಪ ಪಡೆದದ್ದು ಆಮೇಲೆ. ಗ್ಯಾಂಟ್ ಚಾರ್ಟಿಗೆ ಒಂದು ಕೊರತೆ ಇತ್ತು: ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ ಅನ್ನುವ ಸಂಬಂಧ ಅದರಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಶಟರಿಂಗ್ ಲೇಟಾದರೆ ಸ್ಟೀಲ್, ಸ್ಟೀಲ್ ಲೇಟಾದರೆ ಕಾಂಕ್ರೀಟ್ ಎಷ್ಟು ದಿನ ಮುಂದೆ ಹೋಗುತ್ತದೆ ಅನ್ನೋದಕ್ಕೆ ಬೇರೆ ದಾರಿ ಬೇಕಿತ್ತು. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಕಡೆಯಿಂದ ಕ್ರಿಟಿಕಲ್ ಪಾತ್ ಪದ್ಧತಿ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಿಂದ ಪರ್ಟ್ ಪದ್ಧತಿ ಬಂದವು. 1969ರಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ನಮ್ಮ ಎಷ್ಟೋ ಹುಡುಗರು ರಾತ್ರಿ ನಿದ್ದೆಗೆಟ್ಟು ಓದಿ ಬರೆಯುವ ಪಿಎಂಪಿ ಪರೀಕ್ಷೆ ಈ ಸಂಸ್ಥೆಯದ್ದೇ. ಇವತ್ತು ಪ್ಲಾನಿಂಗ್ ಇಂಜಿನಿಯರ್ ಕಂಪ್ಯೂಟರಿನಲ್ಲಿ ತೆಗೆಯುವ ಪ್ರೋಗ್ರಾಮಿನ ಒಳಗೆ ಲೆಕ್ಕ ಕ್ರಿಟಿಕಲ್ ಪಾತ್‌ನದ್ದು, ಮುಖ ಮಾತ್ರ ಈಗಲೂ ಗ್ಯಾಂಟ್ ಅವರದ್ದು.

ನಮಗೆ ಉಳಿದದ್ದು

ಪಟ್ಟಿ ಬಂತು, ಬಣ್ಣ ಬಂತು, ಆ ಅಕ್ಷರಗಳು ಮಾತ್ರ ಎಲ್ಲೋ ಉದುರಿಹೋದವು. ಇವತ್ತು ಚಾರ್ಟ್ ನೋಡಿದರೆ ಕೆಲಸ ಎಷ್ಟು ದಿನ ಹಿಂದೆ ಬಿದ್ದಿದೆ ಅಂತ ಗೊತ್ತಾಗುತ್ತದೆ, ಯಾಕೆ ಬಿದ್ದಿದೆ ಅಂತ ಗೊತ್ತಾಗುವುದಿಲ್ಲ. ಯಾಕೆ ಅನ್ನೋದು ಬರೆದಿಲ್ಲದ ಕಡೆ ತಪ್ಪು ಯಾವಾಗಲೂ ಕೆಳಕ್ಕೆ ಹರಿಯುತ್ತದೆ. ಕ್ಲೈಂಟ್ ಕಾಂಟ್ರಾಕ್ಟರ್ ಮೇಲೆ ಹಾಕುತ್ತಾನೆ, ಕಾಂಟ್ರಾಕ್ಟರ್ ಸಬ್‌ಕಾಂಟ್ರಾಕ್ಟರ್ ಮೇಲೆ, ಅವನು ಫೋರ್‌ಮನ್ ಮೇಲೆ, ಫೋರ್‌ಮನ್ ಬಿಸಿಲಲ್ಲಿ ನಿಂತ ಹುಡುಗರ ಮೇಲೆ. ಅಕೌಂಟ್ಸ್ ಟೇಬಲ್ಲಿಗೆ ಬರುವ ಹೊತ್ತಿಗೆ ಅದು ಲೇಬರ್ ಕಾಸ್ಟ್ ಜಾಸ್ತಿ ಆಯಿತು ಅನ್ನುವ ಒಂದು ಸಾಲು ಮಾತ್ರ ಆಗಿರುತ್ತದೆ. ಡ್ರಾಯಿಂಗ್ ಅಪ್ರೂವಲ್ ಹತ್ತು ದಿನ ತಡವಾದದ್ದು, ಕ್ರೇನ್ ಬಾರದೆ ಇಪ್ಪತ್ತು ಜನ ಅರ್ಧ ದಿನ ಕೂತದ್ದು ಆ ಸಾಲಿನಲ್ಲಿ ಎಲ್ಲೂ ಇರುವುದಿಲ್ಲ.

ಹಾಗಾಗಿ ಈ ಪೋರ್ಟಲ್ ಓದುವ ಫೋರ್‌ಮನ್‌ಗಳಿಗೆ, ಟೈಮ್‌ಕೀಪರ್‌ಗಳಿಗೆ, ಸೈಟ್ ಇಂಜಿನಿಯರುಗಳಿಗೆ ಒಂದು ಮಾತು. ಟೈಮ್‌ಶೀಟಿನಲ್ಲಿ ಗಂಟೆ ಬರೆಯುವಾಗ, ಕೆಲಸ ನಿಂತ ಗಂಟೆ ಇದ್ದರೆ ಪಕ್ಕದಲ್ಲಿ ಕಾರಣವನ್ನೂ ಎರಡು ಪದದಲ್ಲಿ ಬರೆಯಿರಿ. ಮೆಟೀರಿಯಲ್ ಇಲ್ಲ, ಡ್ರಾಯಿಂಗ್ ಇಲ್ಲ, ಜನರೇಟರ್ ಕೆಟ್ಟಿದೆ, ಪರ್ಮಿಟ್ ಬಂದಿಲ್ಲ. ತಾರೀಕು ಹಾಕಿ, ಅದೇ ದಿನ ಬರೆಯಿರಿ. ಹುಡುಗರು ಲೇಟಾಗಿ ಬಂದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಆಗಲೇ ಉಳಿದದ್ದಕ್ಕೆ ಬೆಲೆ. ನಾಳೆ ಪೆನಾಲ್ಟಿ ಅಂತ ಬಂದಾಗ, ಓವರ್‌ಟೈಮ್ ಕಟ್ ಮಾಡುವ ಮಾತು ಬಂದಾಗ ಆ ಎರಡು ಪದಕ್ಕೆ ದೊಡ್ಡ ತೂಕ ಇರುತ್ತದೆ.

ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವ ನಮ್ಮವರಿಗೂ ಇದೇ ಮಾತು ಸಲ್ಲುತ್ತದೆ. ಜನರನ್ನು ಓಡಿಸುವ ಮ್ಯಾನೇಜರುಗಳು ಸೈಟಿಗೆ ಹತ್ತು ಜನ ಸಿಗುತ್ತಾರೆ. ಕೆಲಸಗಾರನ ಕೈಗೆ ಸಾಮಾನು, ಉಪಕರಣ, ಸೂಚನೆ ಸಮಯಕ್ಕೆ ತಲುಪಿದೆಯೇ ಅಂತ ಮೊದಲು ನೋಡುವವನು ಸಿಗೋದು ಅಪರೂಪ. ಹೆನ್ರಿ ಗ್ಯಾಂಟ್ ಆ ಎರಡನೇ ಜಾತಿಯ ಮ್ಯಾನೇಜರಿಗಾಗಿಯೇ ಚಾರ್ಟ್ ಬರೆದದ್ದು.